ಅಡುಗೆಮನೆ ನಡುವಿನ ಕಟ್ಟೆಯ ಮೇಲೆ ಕೂರುವವರ ಗಮನಕ್ಕೆ

ಅಡುಗೆಮನೆ (ನವೀಕರಣ ಮತ್ತು ನಿಯಂತ್ರಣ) ವಿಭಾಗ
ಶ್ರೀ ಶಿವಮಲ್ಲಪ್ಪನವರ ಮನೆ, ಹಂಗಳ ರಸ್ತೆ, ಗುಂಡ್ಲುಪೇಟೆ

ಸಂಖ್ಯೆ: ಅನನಿ/ನಡುಗಟ್ಟೆ/ಕೂರು/07
ದಿನಾಂಕ: ಅವರೆಕಾಯಿ ಸುಗ್ಗಿಯ ಎರಡನೇ ವಾರ

ಸುತ್ತೋಲೆ

ವಿಷಯ: ಹೊಸ ಅಡುಗೆಮನೆಯ ನಡುಗಟ್ಟೆಯನ್ನು ಜಗಲಿಯೆಂದು ಭಾವಿಸಿ ಮನೆಯವರೂ ಸಾರ್ವಜನಿಕರೂ ಅದರ ಮೇಲೆ ಆಸೀನರಾಗುತ್ತಿರುವ ಬಗ್ಗೆ.

ಉಲ್ಲೇಖ:
(1) ಸೊಸೆ ಶ್ರೀಮತಿ ಸುಧಾಮಣಿಯವರು ಅನ್ನ ಬಸಿಯುತ್ತಾ ಸಲ್ಲಿಸಿದ ಮೌಖಿಕ ಮನವಿ.
(2) ಅದೇ ಮನವಿ, ಮರುದಿನ, ಸ್ವಲ್ಪ ಜೋರಾಗಿ.
(3) ಅತ್ತೆ ಶ್ರೀಮತಿ ಪುಟ್ಟಬಸಮ್ಮನವರು ಮುದ್ದೆಕೋಲು ಹಿಡಿದು ಹೊರಡಿಸಿದ ತಿದ್ದುಪಡಿ ಆದೇಶ.

ಪ್ರಸ್ತಾವನೆ:

ಸದರಿ ಮನೆಯ ಹಳೆಯ ಅಡುಗೆಮನೆಯಲ್ಲಿ ಒಲೆಯು ಗೋಡೆಗೆ ಅಂಟಿಕೊಂಡಿದ್ದು, ಶ್ರೀಮತಿ ಸುಧಾಮಣಿಯವರು ಮದುವೆಯಾಗಿ ಬಂದಂದಿನಿಂದ ಗೋಡೆಯನ್ನೇ ನೋಡಿಕೊಂಡು ಅಡುಗೆ ಮಾಡುತ್ತಾ ಬಂದಿರುತ್ತಾರೆ. ಪಡಸಾಲೆಯಲ್ಲಿ ಯಾರಾದರೂ ನಕ್ಕರೆ, ಯಾಕೆ ನಕ್ಕರೆಂದು ತಿಳಿಯಲು ಸೌಟು ಹಿಡಿದು ಓಡಿಬರಬೇಕಿತ್ತು. ಬರುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. ತವರಾದ ಚಂದಕವಾಡಿಯಲ್ಲಿ ಮಾತಿನಮಲ್ಲಿ ಎಂದೇ ಹೆಸರಾಗಿದ್ದವರಿಗೆ ಇದು ಸಣ್ಣ ಶಿಕ್ಷೆಯಲ್ಲ ಎಂಬುದನ್ನು ವಿಭಾಗವು ಮನಗಂಡಿದೆ.

ಹೀಗಾಗಿ ಅಡುಗೆಮನೆ ಹೊಸದು ಮಾಡಿಸುವಾಗ ಸದರಿಯವರು ಒಂದೇ ಒಂದು ಬೇಡಿಕೆ ಇಟ್ಟರು: ನಡುವಿನ ಗೋಡೆ ಹೋಗಬೇಕು, ಒಲೆ ಮಧ್ಯಕ್ಕೆ ಬರಬೇಕು, ತಮ್ಮ ಮುಖ ಜನರ ಕಡೆಗಿರಬೇಕು. ಮೊಬೈಲಿನಲ್ಲಿ ನೋಡಿ ನೋಡಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆಯನ್ನೂ ತಾವೇ ಬರೆದರು. ಸೊಂಟದೆತ್ತರದ ಕಪ್ಪು ಗ್ರಾನೈಟ್ ಕಟ್ಟೆ, ಅದರ ಮೇಲೆ ಒಲೆ, ಸುತ್ತ ಅಳತೆಗೆ ತಕ್ಕ ಕಬೋರ್ಡುಗಳು. ಸಂತೆಮರಹಳ್ಳಿಯ ಬಡಗಿ ಕುಮಾರಸ್ವಾಮಿಯವರು ನಕ್ಷೆ ನೋಡಿದ ಕೂಡಲೇ ಇದಕ್ಕೆ 'ಐಲ್ಯಾಂಡ್' ಅನ್ನುತ್ತಾರೆಂದು ತಿಳಿಸಿ ಎಲ್ಲರನ್ನೂ ಹೆದರಿಸಿದರು.

ಸದರಿ ನಕ್ಷೆಯನ್ನು ಪರಿಶೀಲಿಸಿದ ಪುಟ್ಟಬಸಮ್ಮನವರು, "ಇಷ್ಟೆತ್ತರದಲ್ಲಿ ಮುದ್ದೆ ತಿರುವದೆಂಗಮ್ಮಿ? ಮ್ಯಾಲಿಂದ ಭಾರ ಬುಟ್ರೆ ತಾನೆ ಗಂಟು ಒಡಿಯದು? ನಾನೇನ್ ಏಣಿ ಆಕ್ಕಂಡು ನಿಂತ್ಕಳ್ಳಾ?" ಎಂದು ಆಕ್ಷೇಪಣೆ ದಾಖಲಿಸಿದರು. ಆಕ್ಷೇಪಣೆಯು ನ್ಯಾಯಯುತವಾಗಿದ್ದುದರಿಂದ, ಕಟ್ಟೆಯ ಪಡಸಾಲೆ ಕಡೆಯ ಅರ್ಧ ಭಾಗವನ್ನು ಮೊಣಕಾಲೆತ್ತರಕ್ಕೆ ಇಳಿಸಲಾಯಿತು. ಮುದ್ದೆ ಗಂಟಿಲ್ಲದೆ ಬಂತು. ಆದರೆ ಮೊಣಕಾಲೆತ್ತರದ ತಣ್ಣನೆಯ ಕಲ್ಲು ಕಂಡರೆ ನಮ್ಮ ಕಡೆಯ ಗಂಡಸರು ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಹಾಲುಕ್ಕಿಸಿದ ದಿನವೇ ಮಾವ ಶ್ರೀ ಶಿವಮಲ್ಲಪ್ಪನವರು ಹೆಗಲ ಟವೆಲ್ಲಿನಿಂದ ಕಲ್ಲನ್ನೊಮ್ಮೆ ಝಾಡಿಸಿ ಕುಳಿತರು. ಪಕ್ಕದ ಮನೆಯ ಶ್ರೀ ಶಾಂತಮಲ್ಲಪ್ಪನವರು, "ಕಲ್ಲು ತಣ್ಣಗ ಅದ ಕಣ್ಲಾ, ಎದ್ದೋಗಕ್ಕೆ ಮನಸೇ ಬರಲ್ಲ" ಎಂದು ಹೇಳಿ ಅದರಂತೆಯೇ ನಡೆದುಕೊಂಡರು. ಪತಿ ಬಸವಪ್ರಸಾದ್ ಅವರು ಮೊಬೈಲ್ ಸಮೇತ ಮೂರನೆಯವರಾಗಿ ಸೇರಿಕೊಂಡರು. ಎಲ್ಲರೂ ಪಡಸಾಲೆಯ ಟಿ.ವಿ. ಕಡೆಗೆ ಮುಖ ಮಾಡಿದ ಪ್ರಯುಕ್ತ, ಮೊದಲು ಒಂದು ಗೋಡೆ ಇದ್ದ ಕಡೆ ಸುಧಾಮಣಿಯವರಿಗೆ ಮೂರು ಬೆನ್ನುಗಳು ಪ್ರಾಪ್ತವಾದವು. ಸದರಿಯವರಿಗೆ ತುಂಬಾ ದುಃಖವಾಗಿರುತ್ತದೆ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಕಛೇರಿ ಭಾಷೆಯಲ್ಲಿ ಅವಕಾಶವಿರುವುದಿಲ್ಲ.

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ವಿಧಿಸಲಾಗಿದೆ:

1. ನಡುಗಟ್ಟೆಯು ಜಗಲಿಯಲ್ಲ, ಅರಳಿಕಟ್ಟೆಯಲ್ಲ, ಬಸ್ ನಿಲ್ದಾಣವೂ ಅಲ್ಲ. ಅದರ ಮೇಲೆ ಕುಳಿತು ಚಾಮರಾಜನಗರದ ಬಸ್ಸು ಹೋಯಿತೇ ಎಂದು ಒಲೆಯ ಮುಂದಿರುವವರನ್ನು ವಿಚಾರಿಸತಕ್ಕದ್ದಲ್ಲ.

2. ಅರಿಶಿನದ ಡಬ್ಬಿ ಇರುವ ಕಡೆಯೇ ಅರಿಶಿನದ ಬೆಳೆಯ ಮಾತಾಡುವುದು ಸೂಕ್ತವೆಂಬ ಶಿವಮಲ್ಲಪ್ಪನವರ ವಾದವನ್ನು ತಿರಸ್ಕರಿಸಲಾಗಿದೆ.

3. ಚಮಚಗಳಿಗೆಂದೇ ಮಾಡಿಸಿದ ಡ್ರಾಯರಿನಲ್ಲಿ ಪಂಪ್‌ಸೆಟ್ಟಿನ ಫ್ಯೂಸು, ಮಸಾಲೆಯ ಕಬೋರ್ಡಿನಲ್ಲಿ ಶೇವಿಂಗ್ ಸೆಟ್ಟು ಪತ್ತೆಯಾಗಿರುತ್ತವೆ. ಉದ್ದನೆಯ ಕಬೋರ್ಡಿನಲ್ಲಿ ಯಾರೋ ಬಾಳೆಗೊನೆಯೊಂದನ್ನು ಹಣ್ಣಿಗೆ ಹಾಕಿರುತ್ತಾರೆ. ಮೊದಲೆರಡನ್ನು ಕೂಡಲೇ ತೆರವುಗೊಳಿಸತಕ್ಕದ್ದು. ಗೊನೆಗೆ, ಅದು ಹಣ್ಣಾಗುವವರೆಗೆ, ವಿನಾಯಿತಿ ನೀಡಲಾಗಿದೆ.

4. ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರನ್ನು ಬಂದವರಿಗೆಲ್ಲ ತೋರಿಸುವ ಪ್ರದರ್ಶನವನ್ನು ದಿನಕ್ಕೊಂದಕ್ಕೆ ಮಿತಿಗೊಳಿಸಲಾಗಿದೆ. ಅದು ಮುಚ್ಚಿಕೊಂಡಾಗ ಚಪ್ಪಾಳೆ ತಟ್ಟುವಂತಿಲ್ಲ. ಅದು ತಾನಾಗಿ ಮುಚ್ಚೀತೆಂದು ನಂಬದೆ ಮೊಣಕಾಲಿನಿಂದ ಒದೆಯುವ ಹಕ್ಕು ಪುಟ್ಟಬಸಮ್ಮನವರೊಬ್ಬರಿಗೇ ಇರುತ್ತದೆ.

5. ಕಟ್ಟೆಯ ಮೇಲೆ ಮಲಗುವುದು 'ಕೂರುವುದು' ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂಬ ಶಾಂತಮಲ್ಲಪ್ಪನವರ ಮೇಲ್ಮನವಿಯನ್ನು ಅವರು ಎದ್ದ ನಂತರ ವಿಚಾರಣೆಗೆ ಎತ್ತಿಕೊಳ್ಳಲಾಗುವುದು.

6. ಮೇಲ್ಕಂಡ ನಿಯಮಗಳ ಕರಡನ್ನು ನಿನ್ನೆ ಸಂಜೆ ಸಂಬಂಧಪಟ್ಟವರಿಗೆ ಓದಿ ಹೇಳಲಾಯಿತು. ಎಲ್ಲರೂ ಕಟ್ಟೆಯ ಮೇಲೆ ಕುಳಿತೇ ಶ್ರದ್ಧೆಯಿಂದ ಕೇಳಿಸಿಕೊಂಡರು. ಸುಧಾಮಣಿಯವರ ಕಣ್ಣಲ್ಲಿ ನೀರಾಡಿತು. ಆಗ ಪುಟ್ಟಬಸಮ್ಮನವರು ಮಧ್ಯಪ್ರವೇಶಿಸಿ, "ಇವ್ರ ಎಬ್ಸಕ್ಕಾಯ್ತದಾ ಸುಧಾ? ಕುಂತ್ಕಳ್ಳಿ ಬುಡು. ಮೊಗ ಇತ್ತಗೆ ತಿರುಗ್ಸು, ಕೈಗೊಂದೊಂದು ಮೊರ ಕೊಡು" ಎಂದು ಆದೇಶಿಸಿದರು.

7. ಸದರಿ ಆದೇಶದನ್ವಯ ನಿಯಮ 1ನ್ನು ತಿದ್ದುಪಡಿ ಮಾಡಲಾಗಿದೆ. ಕಟ್ಟೆಯ ಮೇಲೆ ಕೂರುವವರು ಒಲೆಯ ಕಡೆಗೆ ಮುಖ ಮಾಡಿ, ಚಕ್ಕಳಮಕ್ಕಳ ಹಾಕಿಯೇ ಕೂರತಕ್ಕದ್ದು. ಕುಳಿತವರು ಅವರೆಕಾಯಿ ಸುಲಿಯತಕ್ಕದ್ದು. ಅವರೆ ಮುಗಿದ ತಿಂಗಳುಗಳಲ್ಲಿ ಬೆಳ್ಳುಳ್ಳಿ. ಹುಳ ಕಂಡರೆ ಕೂಗಿಕೊಳ್ಳುವಂತಿಲ್ಲ. ಮುದ್ದೆಕೋಲು ಹೊರಬಂದ ಕೂಡಲೇ ಎದ್ದು ಜಾಗ ಬಿಡತಕ್ಕದ್ದು. ತಪ್ಪಿದಲ್ಲಿ ಕೋಲು ತಗುಲಿದರೆ ವಿಭಾಗವು ಹೊಣೆಯಲ್ಲ.

8. ಅನುಪಾಲನಾ ವರದಿ: ನಿನ್ನೆಯೇ ಜಾರಿಗೆ ತರಲಾಯಿತು. ಒಗ್ಗರಣೆ ಹಾಕುತ್ತಲೇ ಸುಧಾಮಣಿಯವರು ತವರೂರಿನ ಕೋಳಿ ಕಳ್ಳನ ಪ್ರಸಂಗವನ್ನು ವಿವರಿಸಿದರು. ಶಾಂತಮಲ್ಲಪ್ಪನವರು ನಗುವ ಭರದಲ್ಲಿ ಕಾಳನ್ನು ಸಿಪ್ಪೆಗೂ ಸಿಪ್ಪೆಯನ್ನು ಕಾಳಿಗೂ ಹಾಕಿ ನಗುತ್ತಲೇ ಮನೆಗೆ ಹೋದರು. ಮನೆಯ ಗಂಡಸರು ಅಲ್ಲೇ ಊಟಕ್ಕೆ ಕುಳಿತರು. ಶಿವಮಲ್ಲಪ್ಪನವರು ಎಂದಿನಂತೆ "ಇನ್ನೊಂದ್ ಅರ್ಧ ಆಕವ್ವ" ಎಂದು ತಟ್ಟೆ ಚಾಚಿದವರು, ಎದುರಿಗೇ ಇದ್ದ ಪಾತ್ರೆಯೊಳಗೆ ನೋಡಿದರು. ಅತ್ತೆ ಸೊಸೆ ಇಬ್ಬರಿಗೂ ಸೇರಿ ಒಂದೇ ಮುದ್ದೆ ಉಳಿದಿತ್ತು. ತಟ್ಟೆ ಹಿಂದಕ್ಕೆ ಹೋಯಿತು. "ಅದ್ಕೇನವ್ವ ನೀನು ದಿನಾಲೂ ಅಸಿವಿಲ್ಲ ಅಂತಿದ್ದದ್ದು?" ಎಂದು ಸೊಸೆಯನ್ನು ಕೇಳಿದರು. ಮಾತಿನಮಲ್ಲಿಯವರು ಆ ಒಂದು ಮುದ್ದೆಯನ್ನು ಎರಡಾಗಿ ಮುರಿದು, ದೊಡ್ಡ ಭಾಗವನ್ನು ಅತ್ತೆಯ ತಟ್ಟೆಗೆ ಹಾಕಿದರು.

9. ಇನ್ನು ಮುಂದೆ ಮುದ್ದೆ ಕಟ್ಟುವಾಗ ಮೊದಲೆರಡನ್ನು ಅಡುಗೆ ಮಾಡಿದವರಿಗೆಂದು ಎತ್ತಿಟ್ಟು, ಕಟ್ಟೆಯ ಮೇಲೆ ಅವರಿಬ್ಬರಿಗೂ ಜಾಗ ಬಿಟ್ಟು, ಎಲ್ಲರೂ ಒಟ್ಟಿಗೇ ಉಣ್ಣತಕ್ಕದ್ದೆಂದು ಶ್ರೀ ಶಿವಮಲ್ಲಪ್ಪನವರ ಕೋರಿಕೆಯ ಮೇರೆಗೆ ಈ ಮೂಲಕ ಸೂಚಿಸಲಾಗಿದೆ. ಈ ನಿಯಮಕ್ಕೆ ವಿನಾಯಿತಿ ಇರುವುದಿಲ್ಲ.

ಸಹಿ/-
ವಿಭಾಗಾಧಿಕಾರಿ
(ಕೈ ಹಿಟ್ಟಾಗಿರುವುದರಿಂದ ಹೆಬ್ಬೆರಳ ಗುರುತು ಒತ್ತಲಾಗಿದೆ)

ಪ್ರತಿಗಳು:
1. ಶ್ರೀ ಶಿವಮಲ್ಲಪ್ಪ: ಟವೆಲ್ ಹಾಸಿ ಮುಂಚಿತವಾಗಿ ಜಾಗ ಹಿಡಿಯದಿರುವ ಸಲುವಾಗಿ.
2. ಶ್ರೀ ಬಸವಪ್ರಸಾದ್: ಮೊಬೈಲ್ ಕೆಳಗಿಟ್ಟ ನಂತರ ಓದಿಕೊಳ್ಳಲು.
3. ಶ್ರೀ ಶಾಂತಮಲ್ಲಪ್ಪ: ನಿದ್ದೆಯಿಂದ ಎದ್ದ ನಂತರ ಓದಿಕೊಳ್ಳಲು.
4. ಬಡಗಿ ಶ್ರೀ ಕುಮಾರಸ್ವಾಮಿ: ಮುಂದಿನ ಮನೆಗಳಲ್ಲಿ ಮುದ್ದೆ ತಿರುವುವವರನ್ನು ಕೇಳಿ ಅಳತೆ ಹಿಡಿಯಲು.
5. ಟಿ.ವಿ.: ಧ್ವನಿ ತಗ್ಗಿಸುವ ಸಲುವಾಗಿ.
6. ಕಛೇರಿ ಪ್ರತಿ: ಫ್ರಿಜ್ಜಿನ ಬಾಗಿಲಿಗೆ.