ಚಿನ್ನದ ಒಂಟೆಗಾಗಿ ಕೆಳಗಿಟ್ಟ ಕಾಫಿ

ಆ ವಾರವೆಲ್ಲ ಕುತೈಬ ಸ್ನಾನಕ್ಕೆ ಹೋಗುವಾಗಲೂ ಮೊಬೈಲನ್ನು ಸೋಪಿನ ಡಬ್ಬಿಗೆ ಒರಗಿಸಿಟ್ಟುಕೊಂಡಿದ್ದ ಎಂದರೆ ಅವನ ಸಂಕಲ್ಪ ಎಷ್ಟು ಗಟ್ಟಿಯಾಗಿತ್ತೆಂದು ನೀವೇ ಅಂದಾಜು ಮಾಡಿಕೊಳ್ಳಿ. (ಅದೇ ಛಲವನ್ನು ಓದಿನಲ್ಲಿ ತೋರಿಸಿದ್ದರೆ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಫೋನ್ ಎತ್ತುವ ಬದಲು ಇಡೀ ಕಟ್ಟಡವನ್ನೇ ಎತ್ತಬಹುದಿತ್ತು ಎಂದು ಅವನ ತಾಯಿ ಹೇಳುವುದುಂಟು.)

ಅವನ ಮೊಬೈಲಿನಲ್ಲಿ 'ಬಜಾರ್ ಬಾದಷಾ' ಎಂಬ ಆಟವಿತ್ತು. ದಾಳ ಉರುಳಿಸಬೇಕು, ಮನೆಯಿಂದ ಮನೆಗೆ ಕಾಯಿ ನಡೆಸಬೇಕು, ಅಂಗಡಿ ಕೊಳ್ಳಬೇಕು, ಬೇರೆಯವರ ಅಂಗಡಿ ಲೂಟಿ ಮಾಡಬೇಕು. ಈಗ ಅದರಲ್ಲಿ 'ಸಾರ್ಥವಾಹ ಸಪ್ತಾಹ' ನಡೆದಿತ್ತು. ಶುಕ್ರವಾರ ಸಂಜೆ ಐದರೊಳಗೆ ಏಳು ಚಿತ್ರಪಟ ಕೂಡಿಸಿದವರಿಗೆ ಚಿನ್ನದ ಒಂಟೆ ಬಹುಮಾನ. ಐದು ದಾಟಿತೋ, ಒಂಟೆ ಮರುಭೂಮಿಯಲ್ಲಿ ಶಾಶ್ವತವಾಗಿ ಕಣ್ಮರೆ.

ಆ ಒಂಟೆಗೆ ಹಾಲು ಕೊಡುವ, ಹೊರೆ ಹೊರುವ ಶಕ್ತಿಯೇನೂ ಇಲ್ಲ. ಕಾಯಿಯ ಬದಲು ಹಲಗೆಯ ಮೇಲೆ ನಡೆಯುತ್ತದೆ, ಅಷ್ಟೆ. ಆದರೆ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಮುಂತಸಿರ್‌ಗೆ ಹೋದ ಹಬ್ಬದಲ್ಲಿ ಬೆಳ್ಳಿಯ ಗಿಡುಗ ಸಿಕ್ಕಿತ್ತು. ಕುತೈಬನದು ಆಟಕ್ಕೆ ಸೇರಿದವರಿಗೆಲ್ಲ ಪುಕ್ಕಟೆಯಾಗಿ ಕೊಡುವ ಹರಕು ಚಪ್ಪಲಿ. ಗಿಡುಗ ಚಪ್ಪಲಿಯ ತಲೆಯ ಮೇಲೆ ಹಾರಿಹೋದಾಗಲೆಲ್ಲ ಮುಂತಸಿರ್ ಚಹಾ ಹೀರುತ್ತ, "ಪಾಲಿಶ್ ಮಾಡಿಸ್ಲೇನಪ್ಪಾ?" ಎನ್ನುತ್ತಿದ್ದ. ಮನುಷ್ಯ ಎಷ್ಟಂತ ತಡೆದಾನು?

ಗುರುವಾರದ ಹೊತ್ತಿಗೆ ಆರು ಚಿತ್ರಪಟ ಕೈಸೇರಿದ್ದವು. ಬಾಕಿ ಉಳಿದದ್ದು 'ಬಾವಿ'. ಗೆಳೆಯರ ಬಳಗದಲ್ಲಿ ಎರಡು ಬಾವಿ ಇದ್ದದ್ದು ಒಬ್ಬನೇ ಮಹಾನುಭಾವನ ಹತ್ತಿರ. ಸೈನ್ಯದಿಂದ ನಿವೃತ್ತರಾಗಿ ಹಗಲಿಡೀ ದಾಳ ಉರುಳಿಸುತ್ತಿದ್ದ, ಕುತೈಬನಿಗೆ ಹೆಣ್ಣು ಕೊಟ್ಟ ಮಾವ, ಅಬು ಸುಹೈಬ್. ಕುತೈಬ ಸಂದೇಶ ಕಳಿಸಿದ: "ಮಾವ, ನಿಮ್ಮ ಹತ್ರ ಒಂದು ಬಾವಿ ಹೆಚ್ಚಿದೆಯಲ್ಲ?" ಉತ್ತರವಾಗಿ ಇಬ್ಬನಿ ತೊಟ್ಟಿಕ್ಕುವ ಗುಲಾಬಿಯ ಚಿತ್ರ ಒಂದು ದಿನ ಮುಂಚೆಯೇ ಬಂತು: 'ಶುಭ ಶುಕ್ರವಾರ'. ಮತ್ತೆ ಕೇಳಿದ. ಎರಡು ಗುಲಾಬಿ ಬಂದವು.

"ಅಪ್ಪನಿಗೂ ಆ ಒಂಟೆ ಬೇಕಂತೆ. ಅವರಿಗೆ ನಾಲ್ಕೇ ಚಿತ್ರ ಸಿಕ್ಕಿರೋದು. ಅದಕ್ಕೇ ಹೊಟ್ಟೆಯುರಿ," ಎಂದು ಹೆಂಡತಿ ರುಬಾ ಗುಟ್ಟು ಒಡೆದಳು.

ಆಗ ಕುತೈಬನಿಗೆ ಬ್ರಹ್ಮಾಸ್ತ್ರ ಹೊಳೆಯಿತು. "ನಾಳೆ ಊಟಕ್ಕೆ ಹೋಗ್ತೀವಲ್ಲ, ಅಲ್ಲಿ ಕಾಫಿ ಬಟ್ಟಲು ಕೆಳಗಿಡ್ತೀನಿ."

ರುಬಾ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. ಬಟ್ಟಲು ಕೆಳಗಿಡುವುದೆಂದರೆ ಹುಡುಗಾಟವೇ? ಹೆಣ್ಣು ಕೇಳಲು ಬಂದವರು, ಕೊಲೆಗೆ ಕ್ಷಮೆ ಬೇಡಲು ಬಂದ ಹಿರಿಯರು ಇಡುವ ಬಟ್ಟಲು ಅದು. ಕೇಳಿದ್ದನ್ನು ಕೊಡುತ್ತೇನೆಂದು ಮನೆಯವನು ಮಾತು ಕೊಡುವವರೆಗೂ ಅದನ್ನು ಕುಡಿಯುವಂತಿಲ್ಲ. ಅತಿಥಿಯ ಕಾಫಿ ಹಾಗೇ ತಣ್ಣಗಾದರೆ ಮನೆಯವನ ಮಾನ ಹೋಯಿತೆಂದೇ ಲೆಕ್ಕ.

"ಮೂರು ವರ್ಷದ ಹಿಂದೆ ಅದೇ ಮನೇಲಿ ಬಟ್ಟಲು ಕೆಳಗಿಟ್ಟು ನನ್ನನ್ನ ಕೇಳಿದ್ರು ನಿಮ್ಮ ಕಡೆಯವರು. ಈಗ ಬಾವಿ ಚಿತ್ರ ಕೇಳ್ತೀಯಾ? ನಾನೂ ಬಾವಿನೂ ಒಂದೇನಾ ನಿಂಗೆ?"

"ಎಲ್ಲಾದ್ರೂ ಉಂಟಾ ರುಬಾ! ನಿನಗೆ ಐದು ಗಂಟೆಯ ಗಡುವಿರಲಿಲ್ಲ," ಎಂದ ಕುತೈಬ. (ಇದನ್ನು ಅವನು ಪ್ರೀತಿಯ ಮಾತೆಂದೇ ತಿಳಿದಿದ್ದ. ಆ ರಾತ್ರಿ ತಣ್ಣನೆಯ ಬೇಳೆ ಸಾರು ಬಂದಾಗ ಅನುಮಾನವಾಯಿತು.)

ಶುಕ್ರವಾರ ಮಾವನ ಮನೆಯಲ್ಲಿ ಮೊಸರಿನಲ್ಲಿ ಬೆಂದ ಕುರಿಮಾಂಸ, ಅನ್ನದ ಮನ್ಸಫ್ ಊಟ ಭರ್ಜರಿಯಾಗಿ ಮುಗಿಯಿತು. ಗಂಟೆ ನಾಲ್ಕೂ ಮುಕ್ಕಾಲು. ಅಬು ಸುಹೈಬ್ ಹಿತ್ತಾಳೆಯ ಕೂಜದಿಂದ ಏಲಕ್ಕಿ ಘಮಘಮಿಸುವ ಕಾಫಿ ಬಗ್ಗಿಸಿ ಅಳಿಯನಿಗೆ ಕೊಟ್ಟರು. ಕುತೈಬ ಗಂಟಲು ಸರಿಪಡಿಸಿಕೊಂಡು, ಬಟ್ಟಲನ್ನು ತುಟಿಗೂ ಸೋಕಿಸದೆ ಮೇಜಿನ ಮೇಲಿಟ್ಟು, ಕೈಕಟ್ಟಿ ಕೂತ.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ದೇವರೇ! ಏನು ಮಾಡ್ಕೊಂಡು ಬಂದ್ಯಪ್ಪಾ? ಯಾರಿಗಾದ್ರೂ ಕಾರು ಗುದ್ದಿದ್ಯಾ?"

ಅಬು ಸುಹೈಬರ ಬೆನ್ನು ನೆಟ್ಟಗಾಯಿತು. ತಲೆವಸ್ತ್ರ ಸರಿಮಾಡಿಕೊಂಡರು. ಮುಖದಲ್ಲಿ ಏಳು ತಲೆಮಾರಿನ ಗಾಂಭೀರ್ಯ. "ಕಾಫಿ ಕುಡಿ, ಮಗನೇ. ನೀನು ಬಂದ ಕೆಲಸ ಆಯ್ತು ಅಂದ್ಕೋ."

ಕುತೈಬ ಒಂದೇ ಗುಟುಕಿಗೆ ಕುಡಿದು, "ಬಾವಿ, ಮಾವ," ಎಂದ.

ರುಬಾ ಕಿಟಕಿ ಪರದೆಯ ಹೂಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

"ನಮ್ಮಜ್ಜನ ಕಾಲದಲ್ಲಿ ಈ ಬಟ್ಟಲಿಗೆ ರಕ್ತದ ಜಗಳ ನಿಲ್ತಿದ್ವು," ಎಂದರು ಅಬು ಸುಹೈಬ್ ನಿಧಾನವಾಗಿ. "ಇರ್ಲಿ. ಕೊಟ್ಟ ಮಾತು ಕೊಟ್ಟಿದ್ದೇ." ಕನ್ನಡಕ ಹುಡುಕಿದರು. ಅದು ಹಣೆಯ ಮೇಲಿತ್ತು. ಮೊಬೈಲ್ ತೆಗೆದರು. ಬಾವಿಯನ್ನು ಆರಿಸಿದರು. ಇನ್ನೇನು ಒತ್ತಬೇಕು, ಬೆರಳು ಗಾಳಿಯಲ್ಲೇ ನಿಂತಿತು. ತಮ್ಮ ತುಂಬಿದ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನಾನೂ ಒಂದು ಕೇಳೋದಿದೆ."

ಗಡಿಯಾರದಲ್ಲಿ ಐದಕ್ಕೆ ನಾಲ್ಕೇ ನಿಮಿಷ. ಕುತೈಬ ಸೋಫಾದ ತುದಿಗೆ ಸರಿದ. "ಕುಡೀರಿ ಮಾವ, ಕುಡೀರಿ! ಏನಿದ್ರೂ ಕೊಟ್ಟೆ! ಪ್ರಾಣ ಕೇಳಿದ್ರೂ ಕೊಟ್ಟೆ! ಮೊದಲು ಒತ್ತಿ!"

"ಏನು ಅಂತ ಕೇಳೋದಿಲ್ವೇನೋ?" ಎಂದಳು ರುಬಾ.

"ಆಮೇಲೆ, ಆಮೇಲೆ!"

ಮಾವ ಹನಿಹನಿಯಾಗಿ ಸವಿದು ಕುಡಿದರು. ಒತ್ತಿದರು. ಕುತೈಬನ ಮೊಬೈಲಿನಲ್ಲಿ ನಗಾರಿ ಮೊಳಗಿತು, ಪಟಾಕಿ ಸಿಡಿದವು, ಚಿನ್ನದ ಒಂಟೆ ಕತ್ತು ಕೊಂಕಿಸಿ ನಡೆದು ಬಂದು ಹರಕು ಚಪ್ಪಲಿಯನ್ನು ಪಕ್ಕಕ್ಕೆ ಒದೆಯಿತು. ಕುತೈಬ ಸೋಫಾದ ಮೇಲೆ ಹತ್ತಿ ಕುಣಿದ. ಭಾನುವಾರ ಬೆಳಗ್ಗೆ ಆಫೀಸು ತೆರೆದಾಗ ಮುಂತಸಿರನ ಮುಖ ಹೇಗಾದೀತೆಂದು ನೆನೆದು ಇನ್ನೊಮ್ಮೆ ಕುಣಿದ.

"ಸರಿ, ಇಳಿ," ಎಂದರು ಅಬು ಸುಹೈಬ್. "ಆ ಒಂಟೆ ನಂಗೆ ಬೇಕು."

ಕುತೈಬ ಇಳಿದ. "ಮಾವ... ಒಂಟೆ ಕೊಡೋಕಾಗಲ್ಲ. ಆಟದಲ್ಲಿ ಆ ಅವಕಾಶವೇ ಇಲ್ಲ. ಖಾತೆಗೆ ಅಂಟಿಕೊಂಡಿರುತ್ತೆ."

"ಗೊತ್ತು. ಖಾತೆನೇ ಕೊಡು. ನನ್ನ ಖಾತೆ ನೀನು ಇಟ್ಕೋ. ಅದರಲ್ಲಿ ಚಪ್ಪಲಿ ಬದಲು ಮಡಕೆ ಇದೆ."

ಕುತೈಬ ಹೆಂಡತಿಯ ಕಡೆ ನೋಡಿದ. "ನಾನೇನ್ ಮಾಡ್ಲಿ?" ಎಂದಳು ರುಬಾ, ಮೊದಲ ಸಲ ನಗುತ್ತ. "ಅವ್ರು ಕಾಫಿ ಕುಡಿದಾಯ್ತು."

ಅದಕ್ಕೆ ಮೇಲ್ಮನವಿ ಇಲ್ಲ. ಅಬು ಸುಹೈಬ್ ಆಗಲೇ ತಮ್ಮ ಮೊಬೈಲಿನಲ್ಲಿ ಖಾತೆ ತೆರೆಯುವ ಪುಟಕ್ಕೆ ಬಂದು, ಬೆರಳು ಎತ್ತಿ ಹಿಡಿದಿದ್ದರು. "ಪಾಸ್‌ವರ್ಡ್ ಹೇಳು."

ಕುತೈಬ ಮಾವನ ಮೊಬೈಲಿಗೆ ಕೈ ಚಾಚಿದ. "ಕೊಡಿ ಮಾವ, ನಾನೇ ಒತ್ತಿ ಕೊಡ್ತೀನಿ."

"ಬೇಡ. ಸೈನ್ಯದಲ್ಲಿ ವೈರ್‌ಲೆಸ್ ಮುಂದೆ ಆಯುಷ್ಯ ಕಳೆದವನು ನಾನು. ಒಂದೊಂದೇ ಅಕ್ಷರ ಹೇಳು, ಜೋರಾಗಿ. ನಾನು ತಿರುಗಿ ಹೇಳ್ತೀನಿ, ತಪ್ಪಾಗಬಾರದು."

"ಮಾವ, ಬೇರೆ ಏನಾದ್ರೂ ಕೇಳಿ..."

"ಹೇಳು!"

"ಮಾ," ಎಂದ ಕುತೈಬ, ನೆಲಗಂಬಳಿಯ ಅಂಚು ನೋಡುತ್ತ.

"ಮಾ!" ಎಂದು ಅಬು ಸುಹೈಬ್ ಗಡಿಯಾಚೆಗೂ ಕೇಳುವಂತೆ ಘೋಷಿಸಿದರು. ಅಡುಗೆಮನೆಗೆ ಹೋಗಿದ್ದ ಅತ್ತೆ ಬಾಗಿಲಿಗೆ ಬಂದು ನಿಂತರು.

"ವ."

"ವ!"

"ಜಿ."

"ಜಿ!"

"ಪು," ಎಂದ ಕುತೈಬ. ಧ್ವನಿ ನೆಲಕ್ಕಿಳಿದಿತ್ತು.

"ಪು!"

"...ಣ."

"ಣ!" ಎಂದು ಕೂಗಿದ ಅಬು ಸುಹೈಬ್, ಕನ್ನಡಕ ಸರಿಮಾಡಿಕೊಂಡು ತಾವು ಒತ್ತಿದ್ದನ್ನು ಮೊದಲಿಂದ ಕೊನೆಯವರೆಗೆ ಓದಿದರು. ಇನ್ನೊಮ್ಮೆ ಓದಿದರು. ಅತ್ತೆ ಕೈಗೆ ಸಿಕ್ಕ ಬಾಗಿಲ ಪರದೆಯನ್ನೇ ಬಾಯಿಗೆ ತುರುಕಿಕೊಂಡು ನಗು ತಡೆಯಲಾರದೆ ಅಲುಗಾಡುತ್ತಿದ್ದರು.

"ಕೊನೇಲಿ ಅಂಕಿ ಏನಾದ್ರೂ ಇದೆಯಾ?" ಎಂದರು ಅಬು ಸುಹೈಬ್, ಅಳಿಯನನ್ನು ನೋಡದೆ.

"ಇದೆ ಮಾವ," ಎಂದ ಕುತೈಬ. "ನೀವು ಹುಟ್ಟಿದ ವರ್ಷ."