ಅಮ್ಮನ ತಲೆಸುತ್ತಿಗೆ ನಾನು ಬರೆದ ಗ್ರಾಫ್

ಔಷಧಿ ಸುರಕ್ಷತೆ ಅಂದರೇನು ಅಂತ ನಮ್ಮ ಮನೆಯಲ್ಲಿ ಗೊತ್ತಿರುವುದು ನನಗೊಬ್ಬನಿಗೇ. ಇದನ್ನು ಮನೆಯವರಿಗೆ ಆಗಾಗ ಜ್ಞಾಪಿಸುತ್ತಲೂ ಇದ್ದೆ. ಕೋಲಾರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುವವನು ನಾನು. ಯಾವ ಮಾತ್ರೆಯಿಂದ ಯಾರಿಗೆ ಏನು ತೊಂದರೆಯಾಯಿತು ಅಂತ ಎಲ್ಲೆಲ್ಲಿಂದಲೋ ಬರುವ ದೂರುಗಳನ್ನು ನಾಲೆಡ್ಜ್ ಗ್ರಾಫ್‌ಗೆ ಸೇರಿಸುವುದು ನಮ್ಮ ಕಂಪನಿಯ ಉದ್ಯೋಗ. ಮಾತ್ರೆಗೊಂದು ಸುನ್ನೆ, ಕಾಯಿಲೆಗೊಂದು ಸುನ್ನೆ, ತೊಂದರೆಗೊಂದು ಸುನ್ನೆ. ಒಂದಕ್ಕೊಂದು ನಂಟಿದ್ದರೆ ನಡುವೆ ಗೆರೆ. ಮದುವೆ ಮನೆಯಲ್ಲಿ ಹಿರಿಯರು ಕೂತು ನೆಂಟಸ್ತಿಕೆ ಹುಡುಕುತ್ತಾರಲ್ಲ, ಹಾಗೆ. ಕಂಪ್ಯೂಟರು ಆ ಗೆರೆ ಹಿಡಿದುಕೊಂಡು ಹೋಗಿ ಕಳ್ಳ ಮಾತ್ರೆಯನ್ನು ಹಿಡಿಯುತ್ತದೆ.

ಅಮ್ಮ ಮುಳಬಾಗಿಲಿನ ಅಕ್ಕನ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬಂದಳು. ಬಂದಾಗಿನಿಂದ ಎದ್ದು ನಿಂತರೆ ಸಾಕು, ತಲೆಸುತ್ತು. ಗೋಡೆ ಹಿಡಿದೇ ಓಡಾಟ. ಹೆಂಡತಿ ಸುಮಾ, ಡಾಕ್ಟರ ಹತ್ತಿರ ಹೋಗೋಣ ಅಂದಳು. ನಾನು ನಕ್ಕುಬಿಟ್ಟೆ. ಪ್ರಪಂಚದ ಮಾತ್ರೆಗಳ ಜಾತಕವನ್ನೆಲ್ಲ ಬಲ್ಲವನು ಮನೆಯಲ್ಲೇ ಇರುವಾಗ ಡಾಕ್ಟರೇ!

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಮ್ಮನ ಗ್ರಾಫ್ ಸಿದ್ಧವಾಯಿತು. ಡಬ್ಬಿಯಲ್ಲಿ ಬಿಪಿ ಮಾತ್ರೆ ಎರಡು ಬಗೆ ಇದ್ದವು. ಒಂದು ಕೋಲಾರದ ಡಾಕ್ಟರದು, ಇನ್ನೊಂದು ಅಕ್ಕನ ಮನೆಯಲ್ಲಿದ್ದಾಗ ಮುಳಬಾಗಿಲಿನ ಡಾಕ್ಟರು ಬರೆದುಕೊಟ್ಟದ್ದು. ಒಬ್ಬರದು ಬಿಟ್ಟರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅಮ್ಮ ಎರಡನ್ನೂ ಭಕ್ತಿಯಿಂದ ನುಂಗುತ್ತಿದ್ದಳು. ನಾನು ಎರಡಕ್ಕೆ ಎರಡು ಸುನ್ನೆ ಹಾಕಿ, ನಡುವೆ ಗೆರೆ ಎಳೆದು, ‘ಇವೆರಡಕ್ಕೂ ಜಗಳವಿಲ್ಲ’ ಅಂತ ಷರಾ ಬರೆದೆ.

ಹಾಗಾದರೆ ಕಳ್ಳ ಯಾರು? ಊಟಕ್ಕೂ ಸುನ್ನೆ ಹಾಕಿದೆ. ನುಗ್ಗೆಕಾಯಿ ಬಿಪಿ ಇಳಿಸುತ್ತದೆ ಅಂತ ಎಲ್ಲೋ ಓದಿದ್ದೆ. ಸಿಕ್ಕಿಬಿತ್ತು! ಇಂದಿನಿಂದ ಈ ಮನೆಯಲ್ಲಿ ನುಗ್ಗೆಕಾಯಿ ಸಾರು ನಿಷೇಧಿಸಲಾಗಿದೆ ಎಂದು ಘೋಷಿಸಿದೆ.

“ರೀ, ಅದೇ ಸಾರು ನೀವೂ ತಿಂತೀರಲ್ಲ. ನಿಮಗ್ಯಾಕೆ ತಲೆ ಸುತ್ತಲ್ಲ?” ಅಂದಳು ಸುಮಾ.

ಡೇಟಾ ಇಲ್ಲದವರ ಜೊತೆ ನಾನು ವಾದಿಸುವುದಿಲ್ಲ ಅಂದೆ. ಎಂಥ ದಿಮಾಕು ನೋಡಿ!

ನುಗ್ಗೆಕಾಯಿ ಹೋಯಿತು, ತಲೆಸುತ್ತು ಹೋಗಲಿಲ್ಲ. ಮಾನ ಮರ್ಯಾದೆ ಇದ್ದವನಾಗಿದ್ದರೆ ಗ್ರಾಫನ್ನು ಅನುಮಾನಿಸುತ್ತಿದ್ದೆ. ನಾನು ಬೆಳ್ಳುಳ್ಳಿಯನ್ನು ಅನುಮಾನಿಸಿದೆ. ಆಮೇಲೆ ಸೊಪ್ಪಿನ ಬಸ್ಸಾರು. ಕೊನೆಗೆ ಉಪ್ಪಿಗೂ ಬಿಪಿಗೂ ಗೆರೆ ಕಂಡಿತು, ಉಪ್ಪನ್ನೂ ತೆಗೆಸಿದೆ. ಅಮ್ಮನಿಗೆ ಉಳಿದದ್ದು ಸಪ್ಪೆ ಮಜ್ಜಿಗೆ ಅನ್ನ.

“ಏಮಿರಾ ಇದು? ಕಾಯಿಲೇನ ಹುಡುಕ್ತಿದೀಯೋ, ನನ್ನನ್ನೇ ಮುಗಿಸ್ತೀಯೋ?” ಅಂದಳು ಅಮ್ಮ. ಸಿಟ್ಟು ಬಂದರೆ ಅವಳಿಗೆ ತೆಲುಗು ಮುಂದೆ ಬರುತ್ತದೆ.

ಮಾರನೇ ದಿನ ಬಟ್ಟೆ ಒಣಹಾಕಲು ಹೋದವಳು ಹಿತ್ತಲಲ್ಲಿ ಕುಸಿದುಬಿದ್ದಳು. ಹಣೆ ಊದಿತ್ತು, ಮೊಣಕೈ ತರಚಿತ್ತು. ನಾನು ಓಡಿಹೋಗಿ ಎತ್ತಿ ಕೂರಿಸಿದೆ. ಸುಮಾ ನನ್ನನ್ನು ಕೇಳದೆಯೇ ಆಟೋ ಕರೆದಳು. ಇಷ್ಟಾದರೂ ನಾನು ಕ್ಯಾಲೆಂಡರನ್ನು ಬಗಲಲ್ಲಿ ಇಟ್ಟುಕೊಂಡೇ ಹತ್ತಿದೆ!

ನಮ್ಮ ಕೋಲಾರದ ಡಾಕ್ಟರು ಬಿಪಿ ನೋಡಿದರು. ನಂಬಿಕೆ ಬರದೆ ಇನ್ನೊಮ್ಮೆ ನೋಡಿದರು, ಅಷ್ಟು ಇಳಿದಿತ್ತು. ನಾನು ಮೇಜಿನ ಮೇಲೆ ಗ್ರಾಫ್ ಹರಡಿ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, ಸುಮಾ ತಂದಿದ್ದ ಮಾತ್ರೆಯ ಸ್ಟ್ರಿಪ್‌ಗಳನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದರು.

“ಇವೆರಡೂ ಒಂದೇ ಔಷಧಿ ಕಣ್ರೀ. ಕಂಪನಿ ಇಟ್ಟಿರೋ ಹೆಸ್ರು ಬೇರೆ, ಅಷ್ಟೆ. ದಿನಾ ಡಬಲ್ ಡೋಸ್ ತಗೊಂಡಿದಾರೆ. ಸಾಲದು ಅಂತ ಉಪ್ಪು ಬೇರೆ ಯಾರು ನಿಲ್ಸಿದ್ದು?”

ಅಮ್ಮ ನನ್ನ ಕಡೆ ಕೈ ತೋರಿಸಿದಳು.

ಓದುಗ ಮಹಾಶಯರಲ್ಲಿ ಇಲ್ಲೊಂದು ವಿಷಯ ನಿವೇದಿಸಿಕೊಳ್ಳಬೇಕು. ಆ ಕಂಪನಿಯಲ್ಲಿ ನನಗೆ ವಹಿಸಿರುವ ಕೆಲಸ ಒಂದೇ ಒಂದು. ಒಂದೇ ಔಷಧಿ ಬೇರೆ ಬೇರೆ ಹೆಸರಿನಲ್ಲಿ ಬಂದರೆ ಅದನ್ನು ಪತ್ತೆಹಚ್ಚಿ ಒಂದೇ ಸುನ್ನೆಗೆ ಸೇರಿಸುವುದು. ಸಂಬಳ ಕೊಡುವುದೇ ಅದಕ್ಕೆ!

ಗಾಬರಿಪಡುವಂಥದ್ದೇನಿಲ್ಲ, ಅಮ್ಮನಿಗೆ ಒಂದು ಮಾತ್ರೆ ಸಾಕು ಅಂತ ಹೇಳಿದ ಡಾಕ್ಟರು, ಕ್ಯಾಲೆಂಡರು ಸುತ್ತಿ ನನ್ನ ಕೈಗೆ ಕೊಟ್ಟು, “ನೀವೇನ್ ಕೆಲ್ಸ ಮಾಡೋದು?” ಅಂದರು.

“ನರಸಾಪುರದಲ್ಲಿ ಫ್ಯಾಕ್ಟರಿ ಸಾರ್. ಪ್ಯಾಕಿಂಗು,” ಅಂದೆ.

ಪಕ್ಕದಲ್ಲೇ ನಿಂತಿದ್ದ ಸುಮಾ ತುಟಿ ಬಿಚ್ಚಲಿಲ್ಲ. ತನ್ನ ಮಾನವನ್ನೂ ಉಳಿಸಿಕೊಳ್ಳಬೇಕಿತ್ತಲ್ಲ, ಪಾಪ.