ಬಂದೂಕಿಲ್ಲದ ದುರ್ಬೀನು

ಇದನ್ನು ಬರೆಯಲು ಕೂತದ್ದು ಇದು ನಾಲ್ಕನೆಯ ಸಲ. ಮೊದಲ ಸಲ ಪೆನ್ನು ಸರಿಯಿಲ್ಲ ಎಂದು ಎದ್ದೆ. ಎರಡನೆಯ ಸಲ ಪೆನ್ನು ಚೆನ್ನಾಗಿತ್ತು, ಕನ್ನಡಕ ಸರಿಯಿಲ್ಲ ಎಂದೆ. ಮೂರನೆಯ ಸಲ ಎರಡೂ ಚೆನ್ನಾಗಿದ್ದವು. ಹಾಗಾಗಿ ಸಂತೆಗೆ ಹೋದೆ. ಈಗ ನೆಪಗಳು ಮುಗಿದಿವೆ. ಹೇಳಿಬಿಡುತ್ತೇನೆ.

ನಮ್ಮ ಮಾವನ ಬಳಿ ಬಂದೂಕು ಇರಲಿಲ್ಲ. ಆದರೆ ಇಡೀ ಬ್ಯಾಡಗಿಯಲ್ಲಿ ಅವರು ಗುರಿ ಇಡದ ವಸ್ತು ಒಂದಾದರೂ ಇತ್ತೇ? ನನಗೆ ಅನುಮಾನ. ಅನುಮಾನ ಪಡುವುದು ನನ್ನ ಹುಟ್ಟುಗುಣ ಎಂಬುದನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ಹಾಲಿನವನು ನಕ್ಕರೆ ನಾನು ಹಾಲಿನ ಪಾತ್ರೆ ನೋಡುವವನು.

ಮಾವ ಎಂದರೆ ನನ್ನ ಅಕ್ಕನ ಗಂಡ. ಮಿಲಿಟರಿಯಲ್ಲಿ ಹದಿನೆಂಟು ವರ್ಷ ಇದ್ದು, ಎಂಬತ್ತರ ದಶಕದ ನಡುವಿನಲ್ಲಿ ಪಿಂಚಣಿ ಪಡೆದು ಬಂದವರು. ಬೇರೆಯವರು ಟ್ರಂಕಿನಲ್ಲಿ ಕಂಬಳಿ ತಂದರು, ರಮ್ಮು ತಂದರು. ಇವರು ಪುಣೆಯ ಗುಜರಿ ಬಜಾರಿನಲ್ಲಿ ಕೊಂಡ, ಬಂದೂಕಿನ ಮೇಲೆ ಕೂಡಿಸುವ ಹಳೆಯ ದುರ್ಬೀನು ತಂದರು. ಗೇಣುದ್ದದ ಕರಿ ಕೊಳವೆ.

"ಬಂದೂಕ ಎಲ್ಲೈತಿ ಮಾವಾ?" ಎಂದೆ.

"ಬಂದೂಕ ಯಾಕ ಬೇಕೋ ತಮ್ಮಾ? ಗುರಿ ಇಡೂದು ಕಣ್ಣಿನ ಕೆಲಸ. ಗುಂಡ ಹಾರಸೂದು ಬೆರಳಿನ ಕೆಲಸ. ಬೆರಳ ಎಲ್ಲಾರಿಗೂ ಇರ್ತಾವ."

ಅದರೊಳಗೆ ಕಣ್ಣಿಟ್ಟರೆ ಒಂದು ಉದ್ದಗೆರೆ, ಒಂದು ಅಡ್ಡಗೆರೆ. ಎರಡರ ಮೇಲೂ ಅಳತೆಪಟ್ಟಿಯಲ್ಲಿ ಇರುವಂತೆ ಸಣ್ಣ ಸಣ್ಣ ಗೀಟುಗಳು. ಮಾವ ಮಾಳಿಗೆಯ ಮೇಲೆ ಉಸುಕಿನ ಚೀಲ ಇಟ್ಟು, ಅದರ ಮೇಲೆ ದುರ್ಬೀನು ಇಟ್ಟು, ಬೋರಲು ಮಲಗಿ, ಅರ್ಧ ಉಸಿರು ಬಿಟ್ಟು ಇನ್ನರ್ಧ ಹಿಡಿದು ನೋಡುತ್ತಿದ್ದರು. ಏನನ್ನು ನೋಡುತ್ತಿದ್ದರು? ರೇಲ್ವೆ ಸ್ಟೇಶನ್ನಿನ ಬೋರ್ಡನ್ನು.

"ಸಾವಿರ ಗಜ ದೂರದಾಗ ಎರಡು ಗೀಟಿನ ನಡುವ ಒಂದು ಗಜ ಹಿಡಸತೈತಿ," ಎಂದು ನನಗೆ ಪಾಠ ಮಾಡಿದರು. "ನೂರು ಗಜ ದೂರದಾಗ ಅದರ ಹತ್ತರಾಗ ಒಂದು ಪಾಲು. ಎತ್ತರ ಗೊತ್ತಿದ್ರ ದೂರ ಸಿಗತೈತಿ, ದೂರ ಗೊತ್ತಿದ್ರ ಎತ್ತರ ಸಿಗತೈತಿ."

"ಎರಡೂ ಗೊತ್ತಿರಲಿಲ್ಲಂದ್ರ?"

"ನಿನ್ನಂಗ ದಲಾಲಿ ಅಂಗಡ್ಯಾಗ ಕುಂದ್ರಬೇಕು."

ನಾನು ಆಗ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅದು ಸಣ್ಣ ಕೆಲಸವಲ್ಲ. ಆ ಮಾತು ನನಗೆ ಚುಚ್ಚಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆ ವಿದ್ಯೆಯನ್ನು ಮಾವ ಎಲ್ಲೆಲ್ಲಿ ಬಳಸಿದರು ಕೇಳಿ. ರಾಣೇಬೆನ್ನೂರಿನಲ್ಲಿ ನನ್ನ ಹೆಂಡತಿಯ ತಂಗಿಯನ್ನು ನೋಡಲು ಗುತ್ತಲದಿಂದ ಗಂಡು ಬಂದಿತ್ತು. ಐದಡಿ ಎಂಟಿಂಚು ಎಂದು ಹೇಳಿ ಕಳಿಸಿದ್ದರು. ಮಾವ ಹಿಂದಿನ ದಿನವೇ ಹೋಗಿ, ಎದುರುಮನೆಯ ಮಾಳಿಗೆಗೂ ನಮ್ಮ ಬೀಗರ ಬಾಗಿಲಿಗೂ ಇರುವ ದೂರವನ್ನು ಹೆಜ್ಜೆ ಹಾಕಿ ಅಳೆದು ಬಂದಿದ್ದರು. ಗಂಡು ತಲೆಗೆ ಪಟಗಾ ಸುತ್ತಿಕೊಂಡು ಟಾಂಗಾದಿಂದ ಇಳಿದು ಬಾಗಿಲಲ್ಲಿ ನಿಂತ. ಒಳಗೆ ಉಪ್ಪಿಟ್ಟು ಬರುವ ಹೊತ್ತಿಗೆ ಮಾವ ಕೆಳಗಿಳಿದು ಬಂದು ಎಲ್ಲರ ನಡುವೆ ಹೇಳಿದರು: "ಐದಡಿ ಎರಡಿಂಚು. ಪಟಗಾ ಬಿಟ್ಟು."

ಗಂಡಿನ ಅಪ್ಪ ತಟ್ಟೆ ಕೆಳಗಿಟ್ಟ. "ನಮ್ಮ ಹುಡುಗಗ ಗುಂಡ ಹೊಡ್ಯಾಕ ನಿಂತಿದ್ರೇನ್ರಿ ನೀವು?"

"ಹೊಡ್ಯಾವ ಇದ್ರ ಕೂತಾಗ ಹೊಡಿತಿದ್ದೆ. ಕೂತಾಗ ಖರೇನ ಎತ್ತರ ಕಾಣ್ತಾನ."

ಬೀಗತನ ಮುರಿಯಿತು ಎಂದೇ ಎಲ್ಲರೂ ತಿಳಿದೆವು. ಆದರೆ ಒಳಗಿನಿಂದ ಹುಡುಗಿ "ನಂಗ ನಡೀತೈತಿ" ಎಂದಳು. ಮದುವೆಯ ಫೋಟೋದಲ್ಲಿ ಇಬ್ಬರ ಎತ್ತರವೂ ಚೆನ್ನಾಗಿ ಹೊಂದಿದೆ. ಮದುಮಗ ಮಣೆಯ ಮೇಲೆ ನಿಂತಿದ್ದಾನೆ, ಅಷ್ಟೇ.

ಇನ್ನೊಂದು ಪಾಠ ಗುಂಡಿನದು. "ಗುಂಡು ನೆಟ್ಟಗ ಹೋಗತೈತಿ ಅಂತ ತಿಳಿದೀಯಲ್ಲ, ಇಲ್ಲ. ಹೋಗ್ತಾ ಹೋಗ್ತಾ ಕೆಳಗ ಇಳೀತೈತಿ. ದೂರ ಇದ್ದಷ್ಟೂ ಗುರಿ ಮ್ಯಾಲಿಂದಕ್ಕ ಹಿಡೀಬೇಕು. ಗಾಳಿ ಎಡಕ್ಕ ತಳ್ಳಿದ್ರ ಬಲಕ್ಕ ಎರಡು ಗೀಟು ಸರೀಬೇಕು."

ಒಂದು ದಿನ ಅಕ್ಕ ಬೀದಿಯಲ್ಲಿ ನಿಂತು, ಮನೆಯ ಬೀಗದ ಕೈ ಕೇಳಿದಳು. ಇಳಿದು ಬಂದು ಕೊಟ್ಟರೆ ಮಾವ ಯಾಕಾದಾರು? ಒಣಹಾಕಿದ ಧೋತರ ಯಾವ ಕಡೆ ಹಾರುತ್ತಿದೆ ಎಂದು ನೋಡಿದರು, ದುರ್ಬೀನಿನಲ್ಲಿ ಅಕ್ಕನನ್ನು ಅಳೆದರು, ಬಲಕ್ಕೆ ಸರಿದರು, ಮೇಲಕ್ಕೆ ಎಸೆದರು. ಬೀಗದ ಕೈ ಗೊಂಚಲು ಮೊಸರು ಮಾರುವವಳ ಗಡಿಗೆಯೊಳಗೆ ಹೋಯಿತು.

"ಗಾಳಿ ತಿರುಗ್ತು," ಎಂದರು ಮಾವ ಮೇಲಿನಿಂದ.

"ಗಾಳಿ ಅಲ್ಲ, ನಿಮ್ಮ ತಲಿ ತಿರುಗೇತಿ," ಎಂದಳು ಅಕ್ಕ ಕೆಳಗಿನಿಂದ. ಆ ದಿನ ಅವರ ಮನೆಯಲ್ಲಿ ಒಂದು ಗಡಿಗೆ ಮೊಸರು.

ನಗುವ ಭಾಗ ಇಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಹಾವೇರಿಯ ಒಂದು ಬ್ಯಾಂಕಿಗೆ ಬಂದೂಕು ಹಿಡಿದು ನಿಲ್ಲುವ ಕಾವಲುಗಾರ ಬೇಕಾಗಿದ್ದ. ಮಾಜಿ ಸೈನಿಕರಿಗೇ ಮೀಸಲು. ವಯಸ್ಸಿನ ಲೆಕ್ಕದಲ್ಲಿ ಮಾವನಿಗೆ ಅದೇ ಕೊನೆಯ ಅವಕಾಶ. ಆಯ್ಕೆಯೂ ಆಯಿತು, ನಡತೆ ಒಳ್ಳೆಯದು ಎಂದು ಪೊಲೀಸರು ಬರೆದುಕೊಡುವುದಷ್ಟೇ ಬಾಕಿ.

"ಇದು ಸಿಕ್ರ ದಿನಾ ಹಾವೇರಿಗೆ ಹೋಗಿ ಬರ್ತಾರ, ನಾವು ಇಲ್ಲೇ ಇರ್ತೀವಿ," ಎಂದಿದ್ದಳು ಅಕ್ಕ. "ಇಲ್ಲಂದ್ರ ರಾಣೇಬೆನ್ನೂರ ಹತ್ತಿ ಗಿರಣಿ. ಅಲ್ಲಿ ಗಿರಣಿ ಒಳಗ ಮನಿ ಮಾಡಿ ಇರಬೇಕಂತ. ಆಗ ಈ ಕೂಸು ಎಲ್ಲಿ, ನಾ ಎಲ್ಲಿ?"

ಕೂಸು ಎಂದರೆ ನನ್ನ ಮಗಳು. ಎರಡು ವರ್ಷವಾಗಿದ್ದರೂ ಒಂದು ವರ್ಷದವಳಂತೆ ಕಾಣುತ್ತಿದ್ದಳು. ಅಕ್ಕನಿಗೆ ಮಕ್ಕಳಿರಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಹಿತ್ತಲಿಗೆ ಬಂದು, ನಮ್ಮ ಅವ್ವನ ಕೈಯಿಂದ ಕೂಸನ್ನು ಇಸಿದುಕೊಂಡು, ಎಣ್ಣೆ ತಿಕ್ಕಿ, ನೀರು ಹಾಕಿ ಹೋಗುತ್ತಿದ್ದಳು.

ಆ ದಿನಗಳಲ್ಲಿಯೇ ಒಂದು ಬೆಳಿಗ್ಗೆ ನಾನು ಮಾವನ ಮಾಳಿಗೆ ಹತ್ತಿದೆ. ಅವರು ಚಹಾ ಕುಡಿಯಲು ಕೆಳಗೆ ಹೋಗಿದ್ದರು. ದುರ್ಬೀನು ಚೀಲದ ಮೇಲೆ ಹಾಗೆಯೇ ಇತ್ತು. ಕಣ್ಣಿಟ್ಟೆ. ಗೆರೆಗಳು ಕೂಡುವ ಜಾಗದಲ್ಲಿ ನಮ್ಮ ಹಿತ್ತಲು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೀರೆ ಎತ್ತಿಕಟ್ಟಿ ನಿಂತ ನನ್ನ ಹೆಂಡತಿ. ಕಣ್ಣು ತೆಗೆದರೆ ದುರ್ಬೀನಿನ ಪಕ್ಕದಲ್ಲಿ ಒಂದು ಪುಸ್ತಕ: "ಎಂಟು. ಎಂಟು. ಎಂಟು. ಎಂಟೂಕಾಲು." ಮುಂದೆ ತಾರೀಖು, ಮತ್ತೇನೂ ಇಲ್ಲ.

ಮಾವ ಬಂದವರು ಪುಸ್ತಕ ಕಸಿದುಕೊಂಡರು.

"ಇದೇನು ಮಾವಾ?"

"ಗಾಳಿ ಲೆಕ್ಕ."

ಗಾಳಿ ನಮ್ಮ ಹಿತ್ತಲಲ್ಲಿ ಮಾತ್ರ ಬೀಸುತ್ತದೆಯೇ? ಮನೆಗೆ ಬಂದು ಕಲ್ಲಿನ ಮುಂದೆ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದೆ. ಮರುದಿನ ಹೋಗಿ ನೋಡಿದರೆ ಉಸುಕಿನ ಚೀಲ ಎರಡು ಮೊಳ ಪಕ್ಕಕ್ಕೆ ಸರಿದಿತ್ತು. ದುರ್ಬೀನು ಆ ಸೀರೆಯ ಅಂಚಿನಾಚೆ ಇಣುಕುತ್ತಿತ್ತು. ನನ್ನಂಥವನಿಗೆ ಇನ್ನೇನು ಬೇಕು? ಅಂದೇ ಅಂಗಡಿಯಲ್ಲಿ ಕೂತು, ಎಡಗೈಯಲ್ಲಿ ಒಂದು ಮೂಕರ್ಜಿ ಬರೆದೆ. ಹೆಂಡತಿಯ ಮಾತು ಎತ್ತಿದರೆ ನನ್ನ ಮನೆಯ ಮಾನವೇ ಹೋಗುತ್ತದಲ್ಲ? ಅದಕ್ಕೆ ಬೇರೆಯೇ ಬರೆದೆ: ಇಂಥವನು ಬಂದೂಕಿನ ದುರ್ಬೀನಿನಿಂದ ರೇಲ್ವೆ ಸ್ಟೇಶನ್ ನೋಡುತ್ತಾನೆ, ಪುಸ್ತಕದಲ್ಲಿ ಗುಪ್ತ ಅಂಕಿ ಬರೆಯುತ್ತಾನೆ. ಹೆಸರಿಲ್ಲ, ಸಹಿಯಿಲ್ಲ.

ಮೂರನೆಯ ದಿನ, ದುರ್ಬೀನು, ಪುಸ್ತಕ ಎರಡನ್ನೂ ತೆಗೆದುಕೊಂಡು ಬರಬೇಕೆಂದು ಠಾಣೆಯಿಂದ ಕರೆ ಬಂತು. ಮಾವ ನನ್ನನ್ನೇ ಜೊತೆಗೆ ಕರೆದುಕೊಂಡು ಹೋದರು. ಫೌಜದಾರರು ಅರ್ಜಿ ಬಿಚ್ಚಿದರು. ಬಿಚ್ಚಿದವರೇ ಮೂರು ಸಲ ಸೀನಿದರು.

"ಇದು ಮೆಣಸಿನಕಾಯಿ ಅಂಗಡ್ಯಾಗ ಬರದ ಕಾಗದ," ಎಂದರು ಮೂಗು ಒರೆಸಿಕೊಳ್ಳುತ್ತ.

ಮಾವ ಒಮ್ಮೆ ನನ್ನ ಕಡೆ ನೋಡಿ ಹೇಳಿದರು: "ಬ್ಯಾಡಗ್ಯಾಗ ಸೀನು ಬರಲಾರದ ಕಾಗದ ಎಲ್ಲೈತ್ರಿ ಸಾಹೇಬ್ರ? ನನ್ನ ಲಗ್ನಪತ್ರಿಕಿ ಓದಿದವರೂ ಸೀನ್ಯಾರ."

ಫೌಜದಾರರು ನಕ್ಕರು. ಆಮೇಲೆ ಪುಸ್ತಕ ತೆರೆದು, "ಈ ಅಂಕಿ ಏನು?" ಎಂದರು.

"ಗಾಳಿ ಲೆಕ್ಕ ರೀ."

"ತಿಂಗಳಿಗೊಮ್ಮೆ ಗಾಳಿ?"

ಮಾವ ನನ್ನ ಭುಜ ಹಿಡಿದು ಮುಂದಕ್ಕೆ ತಂದರು. "ಇವ ನನ್ನ ಹೆಂಡತಿ ತಮ್ಮ. ನಾ ಎಂಥಾವ ಅಂತ ಇವನ್ನ ಕೇಳ್ರಿ," ಎಂದರು.

ಫೌಜದಾರರು ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ನಾನು ಹೇಳಿದೆ: "ನಂಗೇನೂ ಗೊತ್ತಿಲ್ಲ ಸಾಹೇಬ್ರ."

ವಿಚಾರಣೆ ಮುಗಿಯುವವರೆಗೆ ದುರ್ಬೀನು ಠಾಣೆಯಲ್ಲಿ ಉಳಿಯಿತು, ನಡತೆಯ ಪತ್ರವೂ ಉಳಿಯಿತು. ಎರಡೂ ಕೈಗೆ ಬಂದಾಗ ಬ್ಯಾಂಕಿನ ಬಾಗಿಲಲ್ಲಿ ಬೇರೆಯವನು ನಿಂತು ಒಂದು ತಿಂಗಳಾಗಿತ್ತು.

ರಾಣೇಬೆನ್ನೂರಿಗೆ ಸಾಮಾನು ಹೇರುವ ದಿನ ಅಕ್ಕ ಆ ಪುಸ್ತಕವನ್ನು ನನ್ನ ಕೈಯಲ್ಲಿ ಇಟ್ಟಳು. "ಇನ್ನ ಮ್ಯಾಲ ನೀನ ಅಳಿ," ಎಂದಳು.

"ಏನನ್ನ?"

"ಹಾವೇರಿ ಡಾಕ್ಟರು ಏನಂದಿದ್ರು? ಕೂಸು ಬೆಳೀವಲ್ದು, ತಿಂಗಳಿಗೊಮ್ಮೆ ಎತ್ತರ ಬರದಿಡ್ರಿ ಅಂದಿದ್ರಿಲ್ಲೋ? ಅವ್ವ ಒಪ್ಪಲಿಲ್ಲ. ಅಳದ್ರ ದೃಷ್ಟಿ ಆಗತೈತಿ, ಇದ್ದಷ್ಟೂ ಬೆಳಿಯೂದಿಲ್ಲ ಅಂದ್ಲು. ನೀನೂ ಸುಮ್ಮನಾದಿ. ಅದಕ್ಕ ಇವರಿಗೆ ನಾನ ಹೇಳಿದೆ, ನೂರು ಗಜದಿಂದ ಅಳದ್ರ ಯಾವ ದೃಷ್ಟಿ ಮುಟ್ಟತೈತಿ, ಅಳೀರಿ ಅಂತ. ಕೂಸಿನ್ನ ನೆಟ್ಟಗ ನಿಲ್ಲಸಾಕಿ ನಾನು. ಕಾಲು ಗೀಟು ಖರೇನ ಏರೈತೇನು ಅಂತ ಮರುದಿನ ಮತ್ತ ಅಳಿಯೂದಿತ್ತು, ನೀ ಸೀರಿ ಕಟ್ಟಿದಿ ಅಂತ ಆಚೆ ನಿಲ್ಲಸಿದೆ."

ಎಂಟು ಎಂದರೆ ಎಂಟು ಗೀಟು. ಎಂಟೂಕಾಲು ಎಂದರೆ ಒಂದಿಂಚಿನಷ್ಟು ಬೆಳೆದಿದ್ದಾಳೆ ಎಂದು.

"ಮಾವ ಠಾಣ್ಯಾಗ ಇದನ್ನ ಯಾಕ ಹೇಳಲಿಲ್ಲ?"

"ಹೇಳಿದ್ರ ಊರಿಗೆಲ್ಲಾ ಗೊತ್ತಾಗತಿತ್ತು. ಬಂಜಿ ಕೂಸಿನ್ನ ಅಳಸ್ಯಾಳ ಅಂತಿದ್ರು. ಅವ್ವ ಮತ್ತ ನನ್ನ ಕೈಯಾಗ ಕೂಸು ಕೊಡ್ತಿದ್ಲೇನು?" ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರು ಆ ಅರ್ಜಿ ಬರದ್ರೋ ಏನೋ. ಅವರ ಮಕ್ಕಳು ತಣ್ಣಗಿರಲಿ."

ಅವರ ಮಕ್ಕಳಲ್ಲಿ ಒಬ್ಬಳು ಆಗ ಅಕ್ಕನ ಸೊಂಟದ ಮೇಲೆಯೇ ಕೂತಿದ್ದಳು. ನಾನು ಕೂಸನ್ನು ಇಸಿದುಕೊಂಡೆ. ಲಾರಿ ಹೊರಟಿತು.

ಮಾವ ಕೊನೆಯ ಸಲ ಮಲಗಿದಾಗ ಹೋಗಿ, ಅಕ್ಕ ಔಷಧಿ ತರಲು ಹೋದ ಹೊತ್ತು ನೋಡಿ, ಅವರ ಪಾದ ಹಿಡಿದು ಎಲ್ಲ ಹೇಳಿದೆ.

"ಫೌಜದಾರ್ರು ಸೀನಿದಾಗ ಗೊತ್ತಾತು ಬಿಡು," ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ಆಕಿಗೆ ಹೇಳಬ್ಯಾಡ ತಮ್ಮಾ. ಆಕಿಗೆ ಇರೂದು ಒಂದ ತವರಮನಿ," ಎಂದರು.

ಆ ಮಾತನ್ನು ಇಷ್ಟು ವರ್ಷ ಆಜ್ಞೆಯೆಂಬಂತೆ ಪಾಲಿಸಿದೆ. ಖರೇ ಹೇಳಬೇಕೆಂದರೆ, ನನಗೆ ಸಿಕ್ಕ ನೆಪಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹೋದಾಗಲೆಲ್ಲ ಅಕ್ಕ ಚಹಾ ಕೊಡುತ್ತಾಳೆ, ನನ್ನ ಮಗಳ ಸುದ್ದಿಯನ್ನೇ ಎರಡೆರಡು ಸಲ ಕೇಳುತ್ತಾಳೆ. ಹೇಳಿ, ಕಪ್ಪು ಕೆಳಗಿಟ್ಟು, ಎದ್ದು ಬರುತ್ತೇನೆ. ಆಕೆಗೆ ಎಂಬತ್ತು ದಾಟಿದೆ. ಇದನ್ನೆಲ್ಲ ನಾನು ಹೇಳಬೇಕಾಗಿದ್ದದ್ದು ಆಕೆಗೆ. ಹೆಸರು ಗಂಗವ್ವ.